ಆಧಾರ್ ಕಾರ್ಡಿನ ವಯಸ್ಸು, ಮಿದುಳಿನ ಹೆಪ್ಪು: ಯರಗಟ್ಟಿ ಕಡೆಯ ಒಂದು ಪ್ರಕರಣ

ಬೆಳಗ್ಗೆ 6.58ಕ್ಕೆ ನನ್ನ ವಾಟ್ಸಾಪಿಗೆ ಹನ್ನೊಂದು ಸೆಕೆಂಡಿನ ಒಂದು ವಿಡಿಯೊ ಬಂತು. ಹೊರಸಿನ ಮೇಲೆ ಅಜ್ಜಿಯೊಬ್ಬರು ಮಲಗಿದ್ದಾರೆ. ಮೊಮ್ಮಗ ಅವರ ಎರಡೂ ಕೈ ಎತ್ತಿ ಬಿಡುತ್ತಾನೆ. ಎಡಗೈ ನಿಧಾನವಾಗಿ ಕೆಳಗಿಳಿಯುತ್ತದೆ. ಬಲಗೈ ಒದ್ದೆ ಬಟ್ಟೆ ಬಿದ್ದ ಹಾಗೆ ಧಪ್ಪನೆ ಬೀಳುತ್ತದೆ. ಬಾಯಿಯ ಬಲ ತುದಿ ಜೋತುಬಿದ್ದಿದೆ. ಕಣ್ಣು ಎರಡೂ ಎಡಕ್ಕೆ ತಿರುಗಿ ಅಲ್ಲೇ ನಿಂತಿವೆ.

ಅದಕ್ಕೆ ಐದು ನಿಮಿಷ ಮುಂಚೆ ಹಿರಿಮಗನ ಫೋನ್ ಬಂದಿತ್ತು. "ಸಾಹೇಬ್ರ, ಅವ್ವ ಬಿದ್ದಾಳ್ರಿ. ಬಾಯಿ ಸೊಟ್ಟ ಆಗೈತಿ, ಮಾತು ಬರವಲ್ದು. ಪಿತ್ತ ಏರಿರಬೇಕಂತ ಉಳ್ಳಾಗಡ್ಡಿ ಮೂಗಿಗೆ ಹಿಡದೇವಿ." ನಾನೇ ಹೇಳಿದ್ದೆ, ಎರಡೂ ಕೈ ಎತ್ತಿ ಬಿಟ್ಟು ವಿಡಿಯೊ ಮಾಡಿ ಕಳಿಸಿ ಅಂತ. ಕಣ್ಣು ಒಂದೇ ಕಡೆ ನಿಂತಿದ್ದು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಇದು ಲಕ್ವಾ, ಅಂದರೆ ಪಾರ್ಶ್ವವಾಯು, ಸ್ಟ್ರೋಕ್. ಅದರಲ್ಲೂ ಮಿದುಳಿನ ದೊಡ್ಡ ನಾಳವೇ ಕಟ್ಟಿರುವ ಲಕ್ವಾ.

ನಾನು ಬೆಳಗಾವಿ ಜಿಲ್ಲೆಯ ಯರಗಟ್ಟಿ ಕಡೆ ಸಣ್ಣ ದವಾಖಾನೆ ಇಟ್ಟುಕೊಂಡಿರುವ ಸಾಮಾನ್ಯ ಡಾಕ್ಟರ್. ಆ ಅಜ್ಜಿಯನ್ನು ನಾನು ಆಯಿ ಅನ್ನುತ್ತೇನೆ. ಆಯಿಯ ಮಿದುಳಿನಿಂದ ಹೆಪ್ಪು ತೆಗೆದವನು ನಾನಲ್ಲ. ಆದರೆ ಅವರನ್ನು ಅದಕ್ಕೂ ಮುಂಚೆ ಆರು ವರ್ಷ ನೋಡಿದ್ದೇನೆ, ಆಮೇಲೆ ಒಂದು ವರ್ಷ ನೋಡಿದ್ದೇನೆ. ಆಸ್ಪತ್ರೆಯ ಫೈಲು ಡಿಸ್ಚಾರ್ಜ್ ದಿನಕ್ಕೆ ಮುಗಿದುಹೋಗುತ್ತದೆ. ಹಾಗಾಗಿ ಇದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು ಅಂದುಕೊಳ್ಳಿ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಹಳೆಯ ಚೀಟಿ

ಮೊದಲು ನನ್ನ ತಪ್ಪು.

ಲಕ್ವಾ ಹೊಡೆಯುವುದಕ್ಕೆ ಹದಿನಾಲ್ಕು ತಿಂಗಳು ಮುಂಚೆ ಆಯಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕಾಗಿ ಇಸಿಜಿ ತೆಗೆದಾಗ ಎದೆಬಡಿತ ತಾಳ ತಪ್ಪಿದ್ದು ಕಂಡಿತು. ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡುವ ಬದಲು ಸುಮ್ನೆ ನಡುಗುತ್ತಿರುತ್ತದೆ. ಅಲ್ಲೊಂದು ಚೀಲದಂಥ ಮೂಲೆ ಇದೆ. ಅದರಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಒಂದು ದಿನ ಕಿತ್ತು ಮೇಲಕ್ಕೆ ಹೋದರೆ ನೇರ ಮಿದುಳಿಗೆ. ಇದು ಇರುವವರಿಗೆ ಲಕ್ವಾ ಹೊಡೆಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು.

ಇಂಥವರಿಗೆ ರಕ್ತ ತೆಳು ಮಾಡುವ ಮಾತ್ರೆ ಬೇಕೋ ಬೇಡವೋ ನೋಡಲು ಒಂದು ಅಂಕದ ಲೆಕ್ಕ ಇದೆ. 75 ದಾಟಿದ್ದಕ್ಕೆ 2, ಬಿಪಿಗೆ 1, ಹೆಂಗಸು ಅನ್ನೋದಕ್ಕೆ 1. ಆಯಿಗೆ ಬಂದಿದ್ದು 4. ಮಾತ್ರೆ ಕೊಡಲೇಬೇಕು ಅನ್ನುವ ಅಂಕ. ನಾನು ಬರೆದಿದ್ದು ಆಸ್ಪಿರಿನ್ 75 ಮಿಲಿಗ್ರಾಂ.

ಯಾಕೆ? 44 ಕೆಜಿ ತೂಕದ ಜೀವ. ಮೊಣಕಾಲು ನೋವು. ಎಲ್ಲಾದರೂ ಬಿದ್ದು ತಲೆಯಲ್ಲಿ ರಕ್ತ ಸೋರಿದರೆ ಅನ್ನುವ ಭಯ. ಆಸ್ಪಿರಿನ್ ಸೌಮ್ಯ ಅಂತ ಮನಸ್ಸಿಗೆ ಒಂದು ಸಮಾಧಾನ. ಆದರೆ 2007ರಲ್ಲೇ ಇಂಗ್ಲೆಂಡಿನಲ್ಲಿ 75 ದಾಟಿದ 973 ಜನರ ಮೇಲೆ ರಕ್ತ ತೆಳು ಮಾಡುವ ವಾರ್ಫರಿನ್ ಮತ್ತು ಆಸ್ಪಿರಿನ್ ಹೋಲಿಸಿ ನೋಡಿದ್ದರು. ವಾರ್ಫರಿನ್ ಗುಂಪಿನಲ್ಲಿ ದೊಡ್ಡ ಲಕ್ವಾ ಅರ್ಧಕ್ಕಿಂತ ಕಡಿಮೆ ಆಗಿತ್ತು. ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2011ರಲ್ಲಿ ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ಅಪಿಕ್ಸಬಾನ್ ಜೊತೆ ಆಸ್ಪಿರಿನ್ ಹೋಲಿಸಿದಾಗಲೂ ಅದೇ ಕಥೆ: ಲಕ್ವಾ ವರ್ಷಕ್ಕೆ ನೂರಕ್ಕೆ 3.7 ಇದ್ದದ್ದು 1.6ಕ್ಕೆ ಇಳಿಯಿತು, ದೊಡ್ಡ ರಕ್ತಸ್ರಾವ 1.2ರ ಬದಲು 1.4. ಬೀಳುವ ಭಯದ ಬಗ್ಗೆಯೂ ಒಂದು ಹಳೆಯ ಲೆಕ್ಕ ಇದೆ, 1999ರದ್ದು. ಬಿದ್ದು ಮಿದುಳಿನಲ್ಲಿ ರಕ್ತ ಸೋರುವ ಅಪಾಯವೇ ಮಾತ್ರೆಯ ಲಾಭಕ್ಕಿಂತ ಜಾಸ್ತಿ ಆಗಬೇಕಾದರೆ ಒಬ್ಬ ಮುದುಕ ವರ್ಷಕ್ಕೆ ಸುಮಾರು 295 ಸಲ ಬೀಳಬೇಕು. ಆಯಿ ಆ ಹದಿನಾಲ್ಕು ತಿಂಗಳಲ್ಲಿ ಒಂದು ಸಲ ಬಿದ್ದಿದ್ದರು. ಅದೂ ಎಮ್ಮೆ ಒದ್ದಿದ್ದಕ್ಕೆ.

ಇದೆಲ್ಲ ನಾನು ಓದಿದ್ದೆ. ಆದರೂ ಚೀಟಿ ಬರೆಯುವಾಗ ಕೈ ಹಿಡಿದದ್ದು "ವಯಸ್ಸಾಯ್ತು" ಅನ್ನುವ ಒಂದು ಪದ. ಆ ದಿನ ಬೆಳಗ್ಗೆ ವಿಡಿಯೊ ನೋಡುವಾಗ ನೆನಪಾಗಿದ್ದು ಇದೇ ಚೀಟಿ.

ಜನವರಿ ಒಂದು

ವಯಸ್ಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆ ಫೈಲಿನಲ್ಲಿ ಆಯಿಯ ವಯಸ್ಸು 86. ಆಧಾರ್ ಕಾರ್ಡ್ ನೋಡಿ ಬರೆದದ್ದು. ಆಧಾರ್ ಪ್ರಕಾರ ಅವರು ಹುಟ್ಟಿದ್ದು ಜನವರಿ 1. ನಮ್ಮ ಕಡೆ ಶಾಲೆ ಮೆಟ್ಟಿಲು ಹತ್ತಿದವರೆಲ್ಲ ಜೂನ್ 1ಕ್ಕೆ ಹುಟ್ಟಿದವರು, ಹತ್ತದವರೆಲ್ಲ ಜನವರಿ 1ಕ್ಕೆ. ವರ್ಷವನ್ನು ಯಾರೋ ಮುಖ ನೋಡಿ ಹಾಕಿರುತ್ತಾರೆ.

ಆಮೇಲೆ ಒಂದು ಸಂಜೆ ನಾನು ಮತ್ತು ಹಿರಿಮಗ ಕೂತು ಲೆಕ್ಕ ಹಾಕಿದೆವು. ಅವನಿಗೆ 62. ಅವನಿಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿ ತೀರಿಕೊಂಡಿತ್ತು. ಆಯಿಗೆ ಮದುವೆಯಾದಾಗ ಹದಿನೈದೋ ಹದಿನಾರೋ. ಎಷ್ಟು ಎಳೆದರೂ 81, 82ಕ್ಕಿಂತ ಮೇಲೆ ಹೋಗಲಿಲ್ಲ. ಅಂದರೆ ಆ ದಿನ ಬೆಳಗಾವಿ ಆಸ್ಪತ್ರೆಯಲ್ಲಿ "ಎಂಬತ್ತಾರು" ಅಂತ ಚರ್ಚೆ ನಡೆಯಿತು, ಮುಂದೆ ಹೇಳುತ್ತೇನೆ; ಆ ಅಂಕಿ ಆಧಾರ್ ಶಿಬಿರದಲ್ಲಿ ಕೂತವರೊಬ್ಬರ ಅಂದಾಜು.

ದಾರಿ

ಬಾಯಿಗೆ ಏನೂ ಹಾಕಬೇಡಿ ಅಂದೆ. ಆಗಲೇ ಎರಡು ಚಮಚ ನೀರು ಹಾಕಿದ್ದರು, ಕೆಮ್ಮು ಬಂದಿತ್ತಂತೆ. ಬಿಪಿ ಮಾತ್ರೆ ನಾಲಿಗೆ ಕೆಳಗೆ ಇಡೋಣವೇ ಅಂದರು, ಬೇಡ ಅಂದೆ. ಆಸ್ಪಿರಿನ್ನೂ ಬೇಡ. ಕಟ್ಟಿರುವುದೋ ಸೋರಿರುವುದೋ ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗೋದಿಲ್ಲ. ಯಾರೋ ನೆಂಟರು ಲಕ್ವಾಕ್ಕೆ ನಾಟಿ ಔಷಧಿ ಕೊಡುವ ಊರಿನ ಹೆಸರು ತೆಗೆದರು. ಅಲ್ಲಿಗೆ ಮುಂದಿನ ವಾರ ಬೇಕಾದರೆ ಹೋಗಿ ಅಂದೆ.

108ಕ್ಕೆ ಫೋನ್ ಮಾಡಿದರೆ ಗಾಡಿ ಬೇರೆ ಕೇಸಿಗೆ ಹೋಗಿತ್ತು, ಬರಲು ಮುಕ್ಕಾಲು ತಾಸು. ಪಕ್ಕದ ಮನೆಯ ಬೊಲೆರೊ ಇತ್ತು. ಹಿಂದಿನ ಸೀಟಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿ 7.15ಕ್ಕೆ ಹೊರಟರು. ನೇಸರಗಿ ದಾಟಿ, ಸಾಂಬ್ರಾ ಏರ್‌ಪೋರ್ಟ್ ಮುಂದಿನಿಂದ ಬೆಳಗಾವಿ. ನಡುವೆ ಎಲ್ಲೂ ನಿಲ್ಲಿಸಬೇಡಿ ಅಂತ ಮೂರು ಸಲ ಹೇಳಿದೆ. ಹತ್ತಿರದ ದೊಡ್ಡ ಬೋರ್ಡ್ ಕಂಡಲ್ಲಿ ಗಾಡಿ ತಿರುಗಿಸುವುದು ನಮ್ಮ ಜನರ ರೂಢಿ. ಅಲ್ಲಿ ಸ್ಕ್ಯಾನ್ ಆಗುತ್ತದೆ, ಮುಂದೆ ಹೋಗಿ ಅನ್ನುತ್ತಾರೆ, ಒಂದು ತಾಸು ಹೋಗಿರುತ್ತದೆ.

ಅವರು ದಾರಿಯಲ್ಲಿದ್ದಾಗ ನಾನು ಒಂದೇ ಪ್ರಶ್ನೆ ಹಿಡಿದು ಕೂತೆ: ಶುರುವಾಗಿದ್ದು ಎಷ್ಟೊತ್ತಿಗೆ? ಲಕ್ವಾದಲ್ಲಿ ಬಿದ್ದ ಹೊತ್ತಿಗಿಂತ, ಕೊನೆಯ ಸಲ ಚೆನ್ನಾಗಿ ಕಂಡ ಹೊತ್ತು ಮುಖ್ಯ. ಮಗನಿಗೆ ಗೊತ್ತಿಲ್ಲ, ಮಲಗಿದ್ದ. ಸೊಸೆಗೆ ಫೋನ್ ಮಾಡಿದೆ. ಅವಳು ದನಕರು ನೋಡಬೇಕು ಅಂತ ಊರಲ್ಲೇ ಉಳಿದಿದ್ದಳು. "ಆರಕ್ಕ ನಳ ಬಂತ್ರಿ. ಎರಡ್ ಕೊಡ ತುಂಬಿ ಇಟ್ರು. ಮೂರನೇದ್ದು ಹಿಡದಾಗ ಕೊಡ ಬಿದ್ದ ಸಪ್ಪಳ ಆತು." ಅಂದರೆ 6.10. ಊರಿನ ನೀರಿನ ನಳ ಇಷ್ಟು ನಿಖರವಾಗಿ ಸಮಯ ಕೊಟ್ಟಿದ್ದು ನನ್ನ ವೃತ್ತಿಯಲ್ಲಿ ಇದೊಂದೇ ಸಲ.

"ಗಡ್ಡೆ"

8.40ಕ್ಕೆ ಆಸ್ಪತ್ರೆ. 8.58ಕ್ಕೆ ಸಿಟಿ ಸ್ಕ್ಯಾನ್. ರಕ್ತ ಸೋರಿಲ್ಲ. ಲಕ್ವಾದ ತೀವ್ರತೆ ಅಳೆಯುವ 42 ಅಂಕದ ಪಟ್ಟಿಯಲ್ಲಿ ಆಯಿಗೆ 17. ಅಂಕ ಜಾಸ್ತಿ ಇದ್ದಷ್ಟೂ ಕೆಟ್ಟದ್ದು. 9.20ಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ನಾಲ್ಕೂವರೆ ತಾಸಿನ ಗಡುವಿನೊಳಗೆ ಬಂತು.

ಈ ಇಂಜೆಕ್ಷನ್ನಿಗೂ ವಯಸ್ಸಿನ ಇತಿಹಾಸ ಇದೆ. ಗಡುವನ್ನು ನಾಲ್ಕೂವರೆ ತಾಸಿಗೆ ಏರಿಸಿದ 2008ರ ಪರೀಕ್ಷೆಯಲ್ಲಿ 80 ದಾಟಿದವರನ್ನು ಸೇರಿಸಿಕೊಂಡೇ ಇರಲಿಲ್ಲ. 2012ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆ ಬಂತು, 3,035 ಜನರದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 80 ದಾಟಿದವರೇ. ಅದಾದ ಮೇಲೆ ಬರೀ ವಯಸ್ಸು ನೋಡಿ ಇಂಜೆಕ್ಷನ್ ತಪ್ಪಿಸುವುದು ಕಡಿಮೆಯಾಯಿತು.

ಆದರೆ ದೊಡ್ಡ ನಾಳದ ಹೆಪ್ಪಿಗೆ ಇಂಜೆಕ್ಷನ್ ಒಂದೇ ಸಾಕಾಗುವುದು ಅಪರೂಪ. ನಾಳದ ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದ ನಡು ನಾಳ ಬುಡದಲ್ಲೇ ಕಟ್ಟಿದ್ದು ಕಂಡಿತು. ಮಾತು, ಬಲಗೈ, ಬಲಗಾಲು ಮೂರೂ ಅದರ ಪಾಲಿನವು. ಒಳಗಿನಿಂದ ನಳಿಕೆ ಹಾಕಿ ಹೆಪ್ಪನ್ನೇ ಎಳೆದು ತೆಗೆಯಬೇಕು. ಥ್ರಾಂಬೆಕ್ಟಮಿ.

ಇಲ್ಲಿಂದ 70 ನಿಮಿಷ ಏನೂ ಆಗಲಿಲ್ಲ. ಕಟ್ಟಿದ ದೊಡ್ಡ ನಾಳದ ಹಿಂದೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಅನ್ನುವ ಒಂದು ಲೆಕ್ಕ ಇದೆ. ಅದನ್ನೇ ಹಿಡಿದರೆ ಈ 70 ನಿಮಿಷಕ್ಕೆ ಹದಿಮೂರು ಕೋಟಿ.

ಮೊದಲ ಇಪ್ಪತ್ತು ನಿಮಿಷ ತಿಂದದ್ದು ಒಂದು ಪದ. ಅಲ್ಲಿಯ ಯಾರೋ ಮಕ್ಕಳಿಗೆ ಹೇಳಿದ್ದು ಹೀಗೆ: "ಮಿದುಳಲ್ಲಿ ಗಡ್ಡೆ ಇದೆ, ತೆಗೀಬೇಕು." ರಕ್ತದ ಗಡ್ಡೆ ಅನ್ನಬೇಕಿತ್ತು. ಬರೀ ಗಡ್ಡೆ ಅಂದರೆ ನಮ್ಮ ಜನಕ್ಕೆ ಕ್ಯಾನ್ಸರ್. ಪುಣೆಯಲ್ಲಿದ್ದ ಎರಡನೇ ಮಗ ನನಗೆ ಫೋನ್ ಮಾಡಿ ಕೂಗಾಡಿದ. "ತಲಿ ಒಡದು ಗಡ್ಡಿ ತಗೀತಾರಂತ್ರಿ ಡಾಕ್ಟ್ರ. ಈ ವಯಸ್ಸಿನಾಗ ಅವ್ವಗ ಇದು ಬೇಕೇನ್ರಿ?" ನಾನು ಡ್ರಿಪ್ ಪೈಪಿನ ಮಾತು ತೆಗೆದೆ. ಕಬ್ಬಿನ ಹೊಲದಲ್ಲಿ ಪೈಪಿಗೆ ಕಸ ಸಿಕ್ಕರೆ ಮುಂದಿನ ಸಾಲು ಒಣಗುತ್ತದೆ ಅಲ್ವಾ? ತಲೆ ಒಡೆಯೋದಿಲ್ಲ, ತೊಡೆಸಂದಿಯಿಂದ ತಂತಿ ಹಾಕಿ ಆ ಕಸ ಎಳೆಯುತ್ತಾರೆ. ಅರ್ಥವಾಯಿತು. ಅಂದಿನಿಂದ ನಾನು ಯಾರಿಗೂ ಗಡ್ಡೆ ಅನ್ನೋದಿಲ್ಲ. ಹೆಪ್ಪು ಅನ್ನುತ್ತೇನೆ. ಹಾಲು ಕಾಸುವ ಮನೆಯವರಿಗೆ ಅದು ಬೇಗ ತಲೆಗೆ ಹೋಗುತ್ತದೆ.

ಆಮೇಲೆ ರೊಕ್ಕ. ಎಲ್ಲ ಸೇರಿ ನಾಲ್ಕೂವರೆ ಲಕ್ಷ ಆಗಬಹುದು ಅಂದಿದ್ದರು. ಹಿರಿಮಗ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ ಅಂದ.

ಕೊನೆಗೆ ವಯಸ್ಸು. ಡ್ಯೂಟಿಯಲ್ಲಿದ್ದ ಡಾಕ್ಟರ್ ಹೇಳಿದರಂತೆ: "ಎಂಬತ್ತಾರು ಅಲ್ವಾ? ನೋಡಿ, ನಿಮ್ಮ ಇಷ್ಟ." ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ "ನಿಮ್ಮ ಇಷ್ಟ" ಅಂದಾಗ ಮನೆಯವರ ಕಿವಿಗೆ ಬೀಳುವುದು "ಬೇಡ" ಅಂತ. ಬೇಕು ಅಂದವರು ದುಡ್ಡು ಹಾಳು ಮಾಡಿದವರು, ಬೇಡ ಅಂದವರು ತಾಯಿಯನ್ನು ಬಿಟ್ಟವರು. ಇಬ್ಬರು ಗಂಡುಮಕ್ಕಳು ಆ ಎರಡರ ನಡುವೆ ಸಿಕ್ಕಿಬಿದ್ದರು.

ನಿನ್ನೆ

ನಾನು ಮಿದುಳಿನ ತಜ್ಞರ ಜೊತೆ ಮಾತಾಡಿದೆ. ಅವರು ವಯಸ್ಸು ಕೇಳಲಿಲ್ಲ. ಕೇಳಿದ್ದು ಇದು: "ನಿನ್ನೆ ಅವರು ಹೇಗಿದ್ದರು?" ಮಗನನ್ನು ಕೇಳಿದರೆ "ಚೊಲೊ ಇದ್ಲ್ರಿ" ಅಂದಿದ್ದನಂತೆ, ಅಷ್ಟೇ. ಅಂಗಡಿ ನೋಡುವ ಗಂಡಸು, ಹಗಲು ಮನೆಯಲ್ಲಿ ಇರೋದಿಲ್ಲ. ಮತ್ತೆ ಸೊಸೆಗೆ ಫೋನ್ ಮಾಡಿದೆ. ಅವಳ ಮಾತು ಇದ್ದ ಹಾಗೇ ಕೊಡುತ್ತೇನೆ.

"ನಿನ್ನಿ ಏನಿಲ್ರಿ, ದಿನಾ ಇದ್ದಂಗ ಇದ್ರು. ಮುಂಜಾನೆ ಅಂಗಳ ಕಸ ಹೊಡದ್ರು. ತಾವ ನೀರು ಹೊಯ್ಕೊಂಡ್ರು. ಹದಿನೈದು ರೊಟ್ಟಿ ಬಡದ್ರು. ಮಧ್ಯಾಹ್ನ ಶೇಂಗಾ ಸುಲದ್ರು. ಹಾಲಿನವ ರೊಕ್ಕ ಕೊಟ್ರ ಎಣಿಸಿ ಇಟ್ಕೊಂಡ್ರು, ಹತ್ತ ರೂಪಾಯಿ ಕಡಿಮಿ ಅದಾವು ಅಂದ್ರು. ಸಂಜಿಕ ಗುಡಿಗೆ ಹೋಗಿ ಬಂದ್ರು. ನನ್ನ ಕೂಡ ಜಗಳಾನೂ ಆಡಿದ್ರು."

"ಯಾಕ ಜಗಳ?"

"ಸಾರಿಗೆ ಉಪ್ಪು ಜಾಸ್ತಿ ಆಗೈತಿ ಅಂತ್ರಿ."

ಇದನ್ನು ತಜ್ಞರಿಗೆ ಒಪ್ಪಿಸಿದೆ. ಮಾಡಿಫೈಡ್ ರಾಂಕಿನ್ ಸ್ಕೇಲ್ ಅಂತ ಒಂದು ಅಳತೆ ಇದೆ. ಗ್ಲಾಸ್ಗೋದ ವೈದ್ಯ ಜಾನ್ ರಾಂಕಿನ್ 1957ರಲ್ಲಿ ಮಾಡಿದ್ದನ್ನು ಆಮೇಲೆ ತಿದ್ದಿದ್ದು. ಏನೂ ತೊಂದರೆ ಇಲ್ಲದವರಿಗೆ 0, ತೀರಿಕೊಂಡರೆ 6. ಮೊಣಕಾಲು ನೋವಿನ ಲೆಕ್ಕ ಹಿಡಿದರೂ ಆಯಿ ಹಿಂದಿನ ದಿನ 1. ಸ್ಕ್ಯಾನಿನಲ್ಲಿ ಆಗಲೇ ಕೆಟ್ಟುಹೋದ ಭಾಗವೂ ಸಣ್ಣದಿತ್ತು, ಹತ್ತರಲ್ಲಿ 8 ಅಂಕ. ಈ ಪಟ್ಟಿಯಲ್ಲಿ ಅಂಕ ಜಾಸ್ತಿ ಇದ್ದಷ್ಟೂ ಒಳ್ಳೆಯದು. "ಹಾಗಾದರೆ ಮಾಡೋಣ" ಅಂದರು ತಜ್ಞರು. ನನಗೆ ಕೇಳಿದ್ದು ಅಷ್ಟೇ ಮಾತು.

ಮಕ್ಕಳಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಚಿಕಿತ್ಸೆ ಗಟ್ಟಿಯಾಗಿ ನಿಂತದ್ದು 2015ರಲ್ಲಿ ಬಂದ ಐದು ಪರೀಕ್ಷೆಗಳಿಂದ. ನೆದರ್ಲೆಂಡ್ಸ್‌ನಲ್ಲಿ ನಡೆದ ಮೊದಲನೆಯದರಲ್ಲಿ 500 ಜನ ಇದ್ದರು, ಅತಿ ಹಿರಿಯರಿಗೆ 96. ಐದರಲ್ಲಿ ಎರಡು ಪರೀಕ್ಷೆಗಳು ಮಾತ್ರ 80ರ ಆಸುಪಾಸಿನಲ್ಲಿ ಗೆರೆ ಎಳೆದಿದ್ದವು. ಐದೂ ಸೇರಿ 1,287 ಜನ. ಅದರಲ್ಲಿ 80 ದಾಟಿದವರನ್ನೇ ಬೇರೆ ತೆಗೆದು ನೋಡಿದರೆ, ಹೆಪ್ಪು ತೆಗೆಸಿಕೊಂಡ ನೂರರಲ್ಲಿ ಸುಮಾರು 30 ಜನ ಮೂರು ತಿಂಗಳಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಮಟ್ಟಕ್ಕೆ ಬಂದಿದ್ದರು. ತೆಗೆಸದವರಲ್ಲಿ 14. ಅಂದರೆ ಲಾಭ ಇದೆ, ಎರಡರಷ್ಟು ಇದೆ. ಆದರೆ ನೂರರಲ್ಲಿ 70 ಜನ ಆ ಮಟ್ಟಕ್ಕೆ ಬರಲಿಲ್ಲ ಅನ್ನುವುದೂ ಅದೇ ಲೆಕ್ಕದಲ್ಲಿದೆ. ಪರೀಕ್ಷೆಗೆ ಆರಿಸಿದವರು ಸ್ವಲ್ಪ ಗಟ್ಟಿ ಜನ. ದಿನನಿತ್ಯದ ಆಸ್ಪತ್ರೆಗಳಲ್ಲಿ ಮುಪ್ಪಿನವರ ಫಲಿತಾಂಶ ಇದಕ್ಕಿಂತ ಕೆಳಗೇ ಇರುತ್ತದೆ. "ಮೊದಲಿನ ಅವ್ವ ಬರತಾಳ ಅಂತ ನಾ ಹೇಳೂದಿಲ್ಲ" ಅಂದೆ. "ಹತ್ತರಾಗ ಮೂರು."

ಹಿರಿಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮಾಡ್ಸೂನ್ರಿ" ಅಂದ. 10.35ಕ್ಕೆ ಸಹಿ ಬಿತ್ತು. ಸೊಸೆಯನ್ನು "ಮಾಡಿಸೋಣವೇ" ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಜೋಳದ ಕಾಳು

10.55ಕ್ಕೆ ಬಲ ತೊಡೆಸಂದಿಯಲ್ಲಿ ಸೂಜಿ ಇಳಿಸಿದರು. ಪೂರ್ತಿ ಮಂಪರು ಕೊಡಲಿಲ್ಲ. ಇಲ್ಲಿ ಮುಪ್ಪು ನಿಜವಾಗಿ ಅಡ್ಡ ಬಂತು. ವಯಸ್ಸಾದ ಹಾಗೆ ಎದೆಯ ಮೇಲಿನ ಮಹಾನಾಳ ಉದ್ದವಾಗಿ, ಸೊಟ್ಟಗಾಗಿ, ಹಾವಿನ ಹಾಗೆ ಮಡಚಿಕೊಂಡಿರುತ್ತದೆ. ತಂತಿ ಕುತ್ತಿಗೆಯ ನಾಳ ಹತ್ತುವುದಕ್ಕೇ ಅರ್ಧ ತಾಸು ಹಿಡಿಯಿತು. ಪ್ರಾಯದವರಲ್ಲಿ ಇದು ಕೆಲವು ನಿಮಿಷದ ಕೆಲಸ. ಮೊದಲ ಸಲ ಬಲೆಯಂಥ ಸ್ಟೆಂಟ್ ಬಿಚ್ಚಿ ಎಳೆದಾಗ ಬರೀ ಚೂರು ಬಂತು. ಎರಡನೇ ಸಲ ಹಿಂದಿನಿಂದ ಪಂಪಿನಲ್ಲಿ ಹೀರುತ್ತಲೇ ಎಳೆದರು. 11.52ಕ್ಕೆ ರಕ್ತ ಮುಂದೆ ಹರಿಯಿತು. ಎಲ್ಲ ಕೊಂಬೆಗೂ ಹೋಗಲಿಲ್ಲ, ಬಹುಪಾಲಿಗೆ ಹೋಯಿತು. ಬಿದ್ದಾಗಿನಿಂದ ಐದು ತಾಸು 42 ನಿಮಿಷ.

ಹೆಪ್ಪಿನ ಫೋಟೊ ನನಗೆ ಕಳಿಸಿದ್ದರು. ಬಿಳಿ ಗಾಜ್ ಬಟ್ಟೆಯ ಮೇಲೆ ಎರಡು ತುಂಡು. ದೊಡ್ಡದು ಎರಡು ಜೋಳದ ಕಾಳು ಉದ್ದಕ್ಕೆ ಜೋಡಿಸಿದಷ್ಟು. ಕಂದುಗೆಂಪು, ಒಂದು ತುದಿ ಬಿಳಿಚಿಕೊಂಡಿತ್ತು. ನನ್ನ ಆಸ್ಪಿರಿನ್ ಚೀಟಿಯ ಫಲ. ಆ ಫೋಟೊ ಇನ್ನೂ ಫೋನಿನಲ್ಲಿದೆ.

ಮರುದಿನ 17 ಇದ್ದ ಅಂಕ 11ಕ್ಕೆ ಇಳಿದಿತ್ತು. ಬಲಗಾಲು ಅಲುಗಾಡಿತು. ಆ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಮರುದಿನದ ಸ್ಕ್ಯಾನಿನಲ್ಲೇ ಸತ್ತ ಭಾಗದೊಳಗೆ ಸ್ವಲ್ಪ ರಕ್ತ ಜಿನುಗಿದ್ದು ಕಂಡಿತು. ತೊಂದರೆ ಮಾಡಲಿಲ್ಲ, ಆದರೆ ರಕ್ತ ತೆಳು ಮಾಡುವ ಮಾತ್ರೆ ಮುಂದಕ್ಕೆ ಹೋಯಿತು. ನಾಲ್ಕನೇ ದಿನ ನ್ಯುಮೋನಿಯಾ. ಆ ಎರಡು ಚಮಚ ನೀರೋ, ನುಂಗಲಾಗದೆ ಜೊಲ್ಲು ಒಳಗಿಳಿದದ್ದೋ. ರಾತ್ರಿ ಹೊತ್ತು ಗುರುತು ತಪ್ಪಿ ಎಡಗೈಯಿಂದ ಸಲೈನ್ ಕಿತ್ತುಹಾಕುತ್ತಿದ್ದರು. ವಾರ್ಡಿನಲ್ಲಿ ಕೈ ಕಟ್ಟುವ ಮಾತು ಬಂತು. ಮೊಮ್ಮಗ ರಾತ್ರಿಯೆಲ್ಲ ಆ ಕೈ ಹಿಡಿದು ಕೂತ. ನಳಿಕೆ ಹಾಕಿ ತೆಗೆದದ್ದು ಒಂದು ತಾಸಿನ ಕೆಲಸ. ಮುಪ್ಪಿನವರನ್ನು ಉಳಿಸುವುದೋ ಕೆಡಿಸುವುದೋ ಈ ಹತ್ತು ಹನ್ನೆರಡು ದಿನಗಳೇ.

ಒಂಬತ್ತನೇ ದಿನ ಮೊದಲ ಮಾತು ಬಂತು. ಮೂಗಿನ ನಳಿಗೆ ನರ್ಸ್ ಕೈ ಹಾಕಿದಾಗ "ಬ್ಯಾಡ" ಅಂದರಂತೆ. ಹದಿಮೂರನೇ ದಿನ ಡಿಸ್ಚಾರ್ಜ್. ಮೂಗಿನಲ್ಲಿ ನಳಿ, ಕೆಳಗೆ ಮೂತ್ರದ ಪೈಪು. ಹದಿನೈದನೇ ದಿನ ಅಪಿಕ್ಸಬಾನ್ ಶುರು. 80 ದಾಟಿದವರು, 60 ಕೆಜಿಗಿಂತ ಕಡಿಮೆ ತೂಕ, ಹಾಗಾಗಿ ಕಡಿಮೆ ಡೋಸು, ದಿನಕ್ಕೆ ಎರಡು ಸಲ 2.5 ಮಿಲಿಗ್ರಾಂ. ನೋಡಿ, ಇಲ್ಲಿ ವಯಸ್ಸಿಗೆ ಒಂದು ನ್ಯಾಯವಾದ ಕೆಲಸ ಇತ್ತು. ಹಾಗೆಯೇ 2018ರಲ್ಲಿ, 24 ತಾಸಿನವರೆಗೂ ಹೆಪ್ಪು ತೆಗೆಯಬಹುದು ಎಂದು ತೋರಿಸಿದ ಪರೀಕ್ಷೆಯಲ್ಲೂ 80 ದಾಟಿದವರನ್ನು ಹೊರಗಿಡಲಿಲ್ಲ. ಆಗಲೇ ಸತ್ತ ಭಾಗ 21 ಮಿಲಿಲೀಟರಿಗಿಂತ ಕಡಿಮೆ ಇದ್ದರೆ ಮಾತ್ರ ಅಂದರು. ವಯಸ್ಸನ್ನು ಬಳಸುವ ರೀತಿ ಅಂದರೆ ಅದು.

ಮನೆ

ಮೊದಲ ತಿಂಗಳ ಬಗ್ಗೆ ಯಾವ ಪರೀಕ್ಷೆಯ ಪಟ್ಟಿಯಲ್ಲೂ ಇರೋದಿಲ್ಲ. ಜೋಳದ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಎರಡು ತಾಸಿಗೊಮ್ಮೆ ನಳಿಯಲ್ಲಿ ಬಿಡಬೇಕು. ಬಿಡುವಾಗ ತಲೆ ಎತ್ತರಕ್ಕೆ ಇರಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದು ರಾತ್ರಿ ತಪ್ಪಿತು, ಬೆನ್ನಿನ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಹುಣ್ಣಾಯಿತು. ಅದು ಒಣಗಲು ಐದು ವಾರ. ಐಟಿಐ ಓದುವ ಮೊಮ್ಮಗ ಹೊರಸಿನ ತಲೆಯ ಕಡೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ, ಎತ್ತಿ ಇಳಿಸುವ ಹಾಗೆ ಮಾಡಿದ. ಆಸ್ಪತ್ರೆ ಮಂಚಕ್ಕೇನೂ ಕಡಿಮೆ ಇರಲಿಲ್ಲ. 31ನೇ ದಿನ ನಳಿ ತೆಗೆದೆ. ಮೊದಲು ಕೊಟ್ಟದ್ದು ಗಟ್ಟಿ ಮೊಸರು. ನೀರಿಗಿಂತ ಅದು ಸುರಕ್ಷಿತ, ಗಂಟಲಲ್ಲಿ ದಾರಿ ತಪ್ಪೋದಿಲ್ಲ.

ಮಾತು ವಿಚಿತ್ರವಾಗಿ ಮರಳಿತು. ಮೂರನೇ ತಿಂಗಳು ಹೋದಾಗ ಆಯಿ ಒಲೆ ಹತ್ತಿರ ಕೂತಿದ್ದರು. ಸೊಸೆ ರೊಟ್ಟಿ ಬಡಿದು ಬೇಯಿಸಿ ಪುಟ್ಟಿಗೆ ಹಾಕುತ್ತಿದ್ದಳು. ಒಂದೊಂದು ಬಿದ್ದಾಗಲೂ ಆಯಿ ಎಡಗೈಯಿಂದ ತಟ್ಟಿ ಎಣಿಸಿದರು: ಒಂದು, ಎರಡು, ಮೂರು... ಹನ್ನೊಂದರವರೆಗೆ ತಪ್ಪಿಲ್ಲದೆ. "ಎಷ್ಟಾದವು ಆಯಿ?" ಅಂದೆ. ನನ್ನ ಮುಖ ನೋಡಿದರು. ಬಾಯಿ ತೆರೆದರು. "ಅದ... ಅದು... ಅಣ್ಣಾ" ಅಂದರು. ಬಾಯಿಪಾಠದ ಮಾತು ಮಿದುಳಿನ ಬೇರೆ ದಾರಿಯಲ್ಲಿ ಬರುತ್ತದೆ, ಹುಡುಕಿ ಆಡುವ ಮಾತಿನ ದಾರಿ ಕಟ್ಟಿದೆ. ಹೇಳಿದ್ದು ಮಾತ್ರ ಎಲ್ಲ ತಿಳಿಯುತ್ತಿತ್ತು. ಬಲಗೈ ರೊಟ್ಟಿ ಬಡಿಯುವಷ್ಟು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಎಸರು ಹಾಕಿದ ಹಿಟ್ಟಿಗೆ ಎಡಗೈ ಬೆರಳು ಒತ್ತಿ ನೋಡಿ, ನಾದಿದ್ದು ಸಾಲದು ಅಂತ ಸೊಸೆಯ ಕಡೆ ತಳ್ಳುತ್ತಾರೆ.

ಆ ದಿನ ನಾನು ಹಾಕಿದ ರಾಂಕಿನ್ ಅಂಕ 3. ನಾಲ್ಕು ಕಾಲಿನ ಕೋಲು ಹಿಡಿದು ತಾವೇ ನಡೆಯುತ್ತಾರೆ. ಆದರೆ ಸೀರೆ ಉಡಿಸಬೇಕು, ನೀರು ಹೊಯ್ಯಬೇಕು. ಪರೀಕ್ಷೆಗಳು ಒಳ್ಳೆಯ ಫಲಿತಾಂಶ ಅನ್ನುವುದು 0ಯಿಂದ 2ರವರೆಗೆ. ಅಂದರೆ ಆಯಿ ಹತ್ತರಲ್ಲಿ ಮೂರರೊಳಗೆ ಇಲ್ಲ, ಉಳಿದ ಏಳರಲ್ಲಿದ್ದಾರೆ. ಪಟ್ಟಿ ಪ್ರಕಾರ ಇದು ಸೋತ ಕೇಸು.

ನಾನು ಇದನ್ನು ಒಪ್ಪೋದಿಲ್ಲ. ಐವತ್ತರ ಮೇಷ್ಟ್ರಿಗೆ 3 ಬಂದರೆ ಕೆಲಸ ಹೋಯಿತು, ಮನೆ ಮುಳುಗಿತು. ತುಂಬಿದ ಮನೆಯ ಎಂಬತ್ತರ ಆಯಿಗೆ 3 ಅಂದರೆ ತಾವೇ ನಡೆದು ಪಾಯಖಾನೆಗೆ ಹೋಗುವುದು, ಕಟ್ಟೆಗೆ ಬಂದು ಕೂರುವುದು. 3ಕ್ಕೂ 4ಕ್ಕೂ ನಡುವೆ ಇರುವ ಗೆರೆ ಇಂಥ ಮನೆಗಳಲ್ಲಿ ದೊಡ್ಡದು. ಮುಪ್ಪಿನವರ ಅಧ್ಯಯನ ಮಾಡುವ ಕೆಲವರು ಈಗ 3ನ್ನೂ ಒಳ್ಳೆಯದರ ಕಡೆಗೇ ಎಣಿಸುತ್ತಾರೆ. ಸರಿಯಾಗಿದೆ.

ಆದರೆ ನನ್ನ ಲೆಕ್ಕವೇ ಕೊನೆಯ ಲೆಕ್ಕ ಅಲ್ಲ. ಎರಡನೇ ಮಗನ ಹೆಂಡತಿಯ ಬಂಗಾರ ಇನ್ನೂ ಬ್ಯಾಂಕಿನಲ್ಲೇ ಇದೆ, ಬಿಡಿಸಿಲ್ಲ. ಸೊಸೆಯನ್ನು ಒಂದು ವರ್ಷದ ಮೇಲೆ ಕೇಳಿದೆ, ಅಂದು ಕೇಳದೇ ಇದ್ದದ್ದನ್ನು. ಅವಳು ಸೆರಗಿಗೆ ಕೈ ಒರೆಸಿಕೊಂಡು ಸ್ವಲ್ಪ ಯೋಚಿಸಿದಳು. "ಖರೆ ಹೇಳ್ಲೇನ್ರಿ? ಮೊದಲ್ನೇ ತಿಂಗಳ ಯಾಕರ ಮಾಡಿಸಿದ್ರು ಅನ್ನಿಸಿತ್ತು. ಈಗ ಹಂಗ ಅನ್ಸೂದಿಲ್ರಿ. ಆದ್ರ ಮತ್ತೊಮ್ಮೆ ಹೊಡದ್ರ ನನ್ನ ಕೈಲೆ ಆಗೂದಿಲ್ಲ."

ಅದೇ ವರ್ಷ ನನ್ನ ಇನ್ನೊಬ್ಬ ಮುತ್ಯಾಗೆ ಇಂಥದ್ದೇ ದೊಡ್ಡ ಲಕ್ವಾ ಹೊಡೆಯಿತು. ಆಧಾರ್ ಪ್ರಕಾರ 79, ಆಯಿಗಿಂತ ಏಳು ವರ್ಷ ಚಿಕ್ಕವರು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು, ಮಕ್ಕಳ ಗುರುತು ಉಳಿದಿರಲಿಲ್ಲ. ಬೆಳಗಾವಿಗೆ ಬೇಡ, ಮನೆಯಲ್ಲೇ ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಅಂದೆ. ಅಲ್ಲೂ ಕೇಳಿದ್ದು ಅದೇ ಪ್ರಶ್ನೆ, ನಿನ್ನೆ ಹೇಗಿದ್ದರು ಅಂತ.

ಈಗ ದವಾಖಾನೆಯಲ್ಲಿ 75 ದಾಟಿದವರ ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಬರೆದಿಡುತ್ತೇನೆ: ತಾವೇ ನಡೆಯುತ್ತಾರಾ, ತಾವೇ ನೀರು ಹೊಯ್ದುಕೊಳ್ಳುತ್ತಾರಾ, ರೊಕ್ಕ ಎಣಿಸುತ್ತಾರಾ. ಆರು ತಿಂಗಳಿಗೊಮ್ಮೆ ತಿದ್ದುತ್ತೇನೆ. ಅವರ ಜೊತೆ ದಿನಾ ಇರುವವರ ಫೋನ್ ನಂಬರ್ ಕೂಡ, ಸಾಮಾನ್ಯವಾಗಿ ಅದು ಸೊಸೆಯದ್ದು. ನಾಡಿಯನ್ನು ಪೂರ್ತಿ ಒಂದು ನಿಮಿಷ ಹಿಡಿಯುತ್ತೇನೆ. ತಾಳ ತಪ್ಪಿದ್ದು ಸಿಕ್ಕರೆ ಆಸ್ಪಿರಿನ್ ಬರೆದು ಕಳಿಸೋದಿಲ್ಲ. ಹೆಪ್ಪು ತೆಗೆಯುವ ಸೌಕರ್ಯ ರಾತ್ರಿ ಹೊತ್ತೂ ಇರುವ ಆಸ್ಪತ್ರೆಗಳ ನಂಬರ್ ಗೋಡೆಗೆ ಅಂಟಿಸಿದ್ದೇನೆ.

ಕಳೆದ ವಾರ ಹೋದಾಗ ಆಯಿಯ ಬಿಪಿ ನೋಡಿ ಎದ್ದೆ. ಬಾಗಿಲ ಹತ್ತಿರ ಸೊಸೆ ತಡೆದಳು. ಒಂದು ವರ್ಷದಿಂದ ಸೊಂಟ ನೋವಂತೆ, ಎತ್ತಿ ಇಳಿಸಿ. ಈಗ ಎಡಗಾಲಿಗೂ ಇಳಿಯುತ್ತದಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. "ನೀವು ಅವ್ರನ್ನ ನೋಡಾಕ ಬಂದಿರ್ತೀರಿ" ಅಂದಳು. ಚೀಲದಿಂದ ಹೊಸ ಪುಸ್ತಕ ತೆಗೆದೆ. ಹೆಸರು ಬರೆದು ವಯಸ್ಸು ಎಷ್ಟು ಅಂದೆ.

ಅವಳು ನಕ್ಕಳು. "ಆಧಾರದಾಗ ಜನವರಿ ಒಂದ್ರಿ."